ಪ್ರೊಸೆಸರ್ ಬದಲಿಸಿದ ಮೇಲೆ ಕಂಪ್ಯೂಟರ್ ತಡವರಿಸುತ್ತಿದ್ದರೆ: ಮೊದಲು ಹಾರ್ಡ್‌ವೇರ್, ಆಮೇಲೆ ವಿಂಡೋಸ್

ಹೊಸ ಪ್ರೊಸೆಸರ್ ಕೂರಿಸಿ ಎರಡು ದಿನವೂ ಆಗಿರುವುದಿಲ್ಲ. ಗೇಮ್ ಆಡುತ್ತಿರುವಾಗ ಕಂಪ್ಯೂಟರ್ ತಾನೇ ರೀಸ್ಟಾರ್ಟ್ ಆಗುತ್ತದೆ, ಬ್ರೌಸರ್ ಟ್ಯಾಬ್‌ಗಳು ಒಂದೊಂದಾಗಿ ಕ್ರ್ಯಾಶ್ ಆಗುತ್ತವೆ, ದೊಡ್ಡ ಜಿಪ್ ಫೈಲ್ ಬಿಚ್ಚಲು ಹೋದರೆ ಫೈಲ್ ಕೆಟ್ಟಿದೆ ಎನ್ನುತ್ತದೆ. ಆಗ ಹೆಚ್ಚಿನವರು ಮಾಡುವ ಮೊದಲ ಕೆಲಸ ವಿಂಡೋಸ್ ಫಾರ್ಮ್ಯಾಟ್ ಮಾಡುವುದು. ದಯವಿಟ್ಟು ವಿಂಡೋಸ್ ಹಾಕುವ ಆ ಪೆನ್‌ಡ್ರೈವ್ ಸ್ವಲ್ಪ ಹೊತ್ತು ಪಕ್ಕಕ್ಕಿಡಿ.

ಕಾರಣ ಸರಳ. ಇನ್‌ಸ್ಟಾಲರ್ ಬಿಚ್ಚುವ ಪ್ರತಿಯೊಂದು ಫೈಲೂ ಪ್ರೊಸೆಸರ್ ಮತ್ತು ರ್‍ಯಾಮ್ ಹಾದೇ ಡಿಸ್ಕಿಗೆ ಹೋಗಬೇಕು. ಅಲ್ಲಿ ಒಂದು ಬಿಟ್ ತಿರುಗಿದರೂ ಡಿಸ್ಕಿಗೆ ಇಳಿಯುವುದು ಕೆಟ್ಟ ಫೈಲ್. ಆಮೇಲೆ ರ್‍ಯಾಮ್ ಸೆಟ್ಟಿಂಗ್ ಸರಿಮಾಡಿದರೂ ಕ್ರ್ಯಾಶ್ ನಿಲ್ಲುವುದಿಲ್ಲ. ಒಂದಿದ್ದ ತೊಂದರೆ ಎರಡಾಗಿ, ಯಾವುದರಿಂದ ಏನಾಗುತ್ತಿದೆ ಎಂದು ಬೇರ್ಪಡಿಸುವುದೇ ಕಷ್ಟವಾಗುತ್ತದೆ. ಅಲ್ಲದೆ ಅದೇ ಮದರ್‌ಬೋರ್ಡಿನಲ್ಲಿ ಪ್ರೊಸೆಸರ್ ಮಾತ್ರ ಬದಲಿಸಿದಾಗ ವಿಂಡೋಸ್ 10 ಆಗಲಿ 11 ಆಗಲಿ ಸಾಮಾನ್ಯವಾಗಿ ತಾನೇ ಹೊಂದಿಕೊಳ್ಳುತ್ತದೆ. ಮೊದಲ ಬೂಟಿನಲ್ಲಿ ಹೊಸ ಸಾಧನಗಳನ್ನು ಗುರುತಿಸಿ, ಒಂದು ರೀಸ್ಟಾರ್ಟ್ ಕೇಳಿ ಮುಂದುವರಿಯುತ್ತದೆ. ರೀಇನ್‌ಸ್ಟಾಲ್ ನಿಜಕ್ಕೂ ಬೇಕಾಗುವ ಸಂದರ್ಭಗಳು ಕೆಲವೇ ಕೆಲವು. ಅವು ಮುಂದೆ ಬರುತ್ತವೆ.

ಹಳೆಯ ಪ್ರೊಸೆಸರ್ ತೆಗೆಯುವ ಮುನ್ನ

ಇನ್ನೂ ಬದಲಿಸಿಲ್ಲವಾದರೆ ನಿಮ್ಮ ಅದೃಷ್ಟ. ಮೂರು ಕೆಲಸ ಈಗಲೇ ಮುಗಿಸಿ.

ಮೊದಲನೆಯದು ಬಯೋಸ್, ಅಂದರೆ ಕಂಪ್ಯೂಟರ್ ಆನ್ ಆದ ಕೂಡಲೇ ವಿಂಡೋಸ್‌ಗಿಂತ ಮುನ್ನ ಓಡುವ ಮದರ್‌ಬೋರ್ಡಿನ ಪ್ರೋಗ್ರಾಂ. ಮದರ್‌ಬೋರ್ಡ್ ತಯಾರಕರ ಪುಟದಲ್ಲಿ ಪ್ರೊಸೆಸರ್ ಬೆಂಬಲದ ಪಟ್ಟಿ ಇರುತ್ತದೆ. ಅಲ್ಲಿ ನಿಮ್ಮ ಹೊಸ ಪ್ರೊಸೆಸರ್ ಹೆಸರಿನ ಮುಂದೆ ಕನಿಷ್ಠ ಯಾವ ಬಯೋಸ್ ಆವೃತ್ತಿ ಬೇಕು ಎಂದು ಬರೆದಿರುತ್ತದೆ. ಬೋರ್ಡಿನ ಹೆಸರಷ್ಟೇ ಸಾಲದು, ಅದರ ಮೇಲೆ ಅಚ್ಚಾಗಿರುವ ರಿವಿಷನ್ ಸಂಖ್ಯೆಯೂ ಹೊಂದಬೇಕು. ಅಪ್‌ಡೇಟನ್ನು ಹಳೆಯ ಪ್ರೊಸೆಸರ್ ಇರುವಾಗಲೇ ಮಾಡಿ. ಹೊಸದನ್ನು ಗುರುತಿಸದ ಬಯೋಸ್ ಪರದೆಯನ್ನೇ ತೋರಿಸುವುದಿಲ್ಲ, ಆಗ ಪ್ರೊಸೆಸರ್ ಕೆಲಸ ಮಾಡದಿದ್ದರೂ ಪೆನ್‌ಡ್ರೈವಿನಿಂದ ಬಯೋಸ್ ಬರೆಯುವ ಬಯೋಸ್ ಫ್ಲ್ಯಾಶ್‌ಬ್ಯಾಕ್ ಬಟನ್ ಇರುವ ಬೋರ್ಡ್ ಆಗಿದ್ದರೆ ಮಾತ್ರ ಬಚಾವು. ಎಎಂಡಿಯ ಎಎಂ4 ಸಾಕೆಟ್ ಬೋರ್ಡ್‌ಗಳಲ್ಲಿ ಇನ್ನೊಂದು ಎಚ್ಚರ: 16 ಎಂಬಿ ಬಯೋಸ್ ಚಿಪ್ ಇರುವ ಕೆಲವು ಬೋರ್ಡ್‌ಗಳಲ್ಲಿ ಹೊಸ ಪ್ರೊಸೆಸರ್‌ಗಳಿಗೆ ಜಾಗ ಮಾಡಲು ತೀರಾ ಹಳೆಯವುಗಳ ಬೆಂಬಲವನ್ನು ತೆಗೆದಿದ್ದಾರೆ. ಅಪ್‌ಡೇಟ್ ಆದ ಮೇಲೆ ಹಳೆಯ ಪ್ರೊಸೆಸರ್ ಮತ್ತೆ ಬೂಟ್ ಆಗದೆ ಹೋಗಬಹುದು. ಬಯೋಸ್ ಟಿಪ್ಪಣಿಯನ್ನು ಪೂರ್ತಿ ಓದಿ.

ಎರಡನೆಯದು ಬಿಟ್‌ಲಾಕರ್, ಅಂದರೆ ಡಿಸ್ಕಿಗೆ ಬೀಗ ಹಾಕಿಡುವ ವಿಂಡೋಸ್ ಸೌಲಭ್ಯ. ನಾನು ಅದನ್ನು ಆನ್ ಮಾಡಿಯೇ ಇಲ್ಲ ಎಂದುಕೊಳ್ಳಬೇಡಿ. ಮೈಕ್ರೋಸಾಫ್ಟ್ ಖಾತೆಯಿಂದ ಸೈನ್ ಇನ್ ಆದ ಅನೇಕ ವಿಂಡೋಸ್ 11 ಯಂತ್ರಗಳಲ್ಲಿ ಅದರದ್ದೇ ಸರಳ ರೂಪವಾದ ಡಿವೈಸ್ ಎನ್‌ಕ್ರಿಪ್ಶನ್ ತಾನಾಗಿಯೇ ಆನ್ ಆಗಿರುತ್ತದೆ. ಡಿಸ್ಕಿನ ಬೀಗದ ಕೈ ಇರುವುದು ಟಿಪಿಎಂ ಎಂಬ ಭದ್ರತಾ ಭಾಗದ ಒಳಗೆ. ಹೆಚ್ಚಿನ ಮನೆ ಕಂಪ್ಯೂಟರ್‌ಗಳಲ್ಲಿ ಆ ಟಿಪಿಎಂ ಪ್ರತ್ಯೇಕ ಚಿಪ್ ಆಗಿರದೆ ಪ್ರೊಸೆಸರ್ ಜೊತೆಗೇ ಬೆಸೆದುಕೊಂಡಿರುತ್ತದೆ. ಪ್ರೊಸೆಸರ್ ಹೋದರೆ ಬೀಗದ ಕೈಯೂ ಹೋಯಿತು. ಸೆಟ್ಟಿಂಗ್ಸ್‌ನಲ್ಲಿ ಪ್ರೈವಸಿ ಅಂಡ್ ಸೆಕ್ಯುರಿಟಿ, ಅದರಲ್ಲಿ ಡಿವೈಸ್ ಎನ್‌ಕ್ರಿಪ್ಶನ್ ನೋಡಿ. ಆನ್ ಇದ್ದರೆ 48 ಅಂಕಿಗಳ ರಿಕವರಿ ಕೀಯನ್ನು ಕಾಗದದಲ್ಲಿ ಬರೆದುಕೊಳ್ಳಿ ಇಲ್ಲವೇ ಫೋನಿನಲ್ಲಿ ಇಟ್ಟುಕೊಳ್ಳಿ, ನಂತರ ಎನ್‌ಕ್ರಿಪ್ಶನ್ ಆಫ್ ಮಾಡಿ ಡಿಸ್ಕಿನ ಬೀಗ ಪೂರ್ತಿ ತೆರೆಯುವವರೆಗೆ ಕಾಯಿರಿ. ವಿಂಡೋಸ್ ಪ್ರೊ ಇದ್ದವರು ಬಿಟ್‌ಲಾಕರ್ ಪರದೆಯಲ್ಲಿ ಸಸ್ಪೆಂಡ್ ಒತ್ತಿದರೂ ಸಾಕು.

ಈಗಾಗಲೇ ಬದಲಿಸಿ, ಎಎಂಡಿ ಯಂತ್ರದ ಕಪ್ಪು ಪರದೆಯಲ್ಲಿ ಹೊಸ ಪ್ರೊಸೆಸರ್ ಬಂದಿದೆ, ಎಫ್‌ಟಿಪಿಎಂ (ಪ್ರೊಸೆಸರ್ ಜೊತೆಗಿನ ಟಿಪಿಎಂ) ರೀಸೆಟ್ ಮಾಡಲೇ ಎಂಬ ಪ್ರಶ್ನೆ ನಿಂತಿದ್ದರೆ ಅವಸರದಲ್ಲಿ ವೈ ಒತ್ತಬೇಡಿ. ರಿಕವರಿ ಕೀ ಕೈಯಲ್ಲಿದ್ದರೆ ವೈ ಒತ್ತಿ ಮುಂದುವರಿಯಬಹುದು. ಕೀ ಇಲ್ಲವೆಂದರೆ ಎನ್ ಒತ್ತಿ, ಯಂತ್ರ ಆಫ್ ಮಾಡಿ, ಹಳೆಯ ಪ್ರೊಸೆಸರನ್ನು ಮತ್ತೆ ಕೂರಿಸಿ, ಎನ್‌ಕ್ರಿಪ್ಶನ್ ತೆಗೆದು ಬನ್ನಿ. ರೀಸೆಟ್ ಆದ ಮೇಲೆ ವಿಂಡೋಸ್ ಪಿನ್ ಕೂಡ ಕೆಲಸ ಮಾಡುವುದಿಲ್ಲ, ಖಾತೆಯ ಪಾಸ್‌ವರ್ಡ್ ನೆನಪಿರಲಿ.

ಮೂರನೆಯದು ಫೋಟೋ, ದಾಖಲೆಗಳ ಬ್ಯಾಕಪ್. ಅದು ಬೇರೆ ಡಿಸ್ಕಿನಲ್ಲಿರಲಿ, ಮತ್ತು ಆ ಡಿಸ್ಕ್ ಯಂತ್ರದಿಂದ ಹೊರಗಿರಲಿ.

ಪರದೆಯೇ ಬರದಿದ್ದರೆ

ಡಿಡಿಆರ್5 ರ್‍ಯಾಮ್ ಇರುವ ಯಂತ್ರವಾದರೆ ಮೊದಲು ಕಾಯಿರಿ. ಹೊಸ ಪ್ರೊಸೆಸರ್‌ನ ಮೆಮೊರಿ ಕಂಟ್ರೋಲರ್ ರ್‍ಯಾಮ್ ಜೊತೆ ಲಯ ಹೊಂದಿಸಿಕೊಳ್ಳುವ ಟ್ರೈನಿಂಗ್ ಎಂಬ ಹಂತ ಮೊದಲ ಬೂಟಿನಲ್ಲಿ ಹಲವು ನಿಮಿಷ ಹಿಡಿಯುತ್ತದೆ, ಅಷ್ಟೂ ಹೊತ್ತು ಪರದೆ ಕಪ್ಪಾಗಿರುತ್ತದೆ. ಹತ್ತು ಹದಿನೈದು ನಿಮಿಷದೊಳಗೆ ಪವರ್ ಬಟನ್ ಒತ್ತಿ ಆ ಕೆಲಸ ಕೆಡಿಸಬೇಡಿ.

ಅದಾದ ಮೇಲೂ ಏನೂ ಇಲ್ಲವಾದರೆ ಮಾನಿಟರ್ ಕೇಬಲ್ ಎಲ್ಲಿ ಚುಚ್ಚಿದೆ ನೋಡಿ. ಇಂಟೆಲ್‌ನಲ್ಲಿ ಹೆಸರಿನ ಕೊನೆಗೆ ಎಫ್ ಇರುವ ಪ್ರೊಸೆಸರ್‌ಗಳಿಗೆ, ಹಾಗೆಯೇ ರೈಜನ್ 5 5600ಎಕ್ಸ್‌ನಂಥವಕ್ಕೆ ಒಳಗಿನ ಗ್ರಾಫಿಕ್ಸ್ ಇಲ್ಲ. ಹಳೆಯ ಪ್ರೊಸೆಸರ್‌ಗೆ ಅದಿತ್ತು ಎಂದು ಕೇಬಲ್ ಮದರ್‌ಬೋರ್ಡಿನ ಪೋರ್ಟಿನಲ್ಲೇ ಉಳಿದಿದ್ದರೆ ಚಿತ್ರ ಬರುವುದಿಲ್ಲ, ಗ್ರಾಫಿಕ್ಸ್ ಕಾರ್ಡಿಗೆ ಹಾಕಿ. ಪ್ರೊಸೆಸರ್ ಪಕ್ಕದ 8 ಪಿನ್ ಪವರ್ ಕೇಬಲ್ ಪೂರ್ತಿ ಒಳಗೆ ಹೋಗಿದೆಯೇ ಎಂದೂ ನೋಡಿ. ಬಳಿಕ ಗೋಡೆಯ ಪ್ಲಗ್ ಕಿತ್ತು, ಬೋರ್ಡಿನ ನಾಣ್ಯದಾಕಾರದ ಬ್ಯಾಟರಿ ತೆಗೆದು ಐದು ನಿಮಿಷ ಬಿಟ್ಟು ಹಾಕಿ. ಇದರಿಂದ ಹಳೆಯ ಪ್ರೊಸೆಸರ್‌ಗೆಂದು ಉಳಿದಿದ್ದ ಸೆಟ್ಟಿಂಗ್‌ಗಳು ಅಳಿಯುತ್ತವೆ.

ಬಯೋಸ್ ಬರುತ್ತದೆ, ವಿಂಡೋಸ್ ಬರುವುದಿಲ್ಲ ಎಂದಾದರೆ ದೋಷ ಬಹುಪಾಲು ಆ ಅಳಿದ ಸೆಟ್ಟಿಂಗ್‌ಗಳದ್ದೇ. ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್ ಎಂಬ ನೀಲಿ (ಹೊಸ ವಿಂಡೋಸ್ 11ರಲ್ಲಿ ಕಪ್ಪು) ಪರದೆ ಬಂದರೆ ಬಯೋಸ್ ಡಿಸ್ಕ್ ಜೊತೆ ಮಾತಾಡುವ ಮೋಡ್ ಬದಲಾಗಿರುವ ಸಾಧ್ಯತೆ ಹೆಚ್ಚು. ಮೊದಲು ಎಎಚ್‌ಸಿಐ ಇದ್ದದ್ದು ರೇಡ್ ಆಗಿರಬಹುದು, ಇಂಟೆಲ್‌ನಲ್ಲಿ ಡಿಸ್ಕ್‌ಗಳನ್ನು ನಿಭಾಯಿಸುವ ವಿಎಂಡಿ ಎಂಬ ಸೆಟ್ಟಿಂಗ್ ಆನ್ ಅಥವಾ ಆಫ್ ಆಗಿರಬಹುದು. ಹಿಂದಿನಂತೆ ಇಟ್ಟರೆ ವಿಂಡೋಸ್ ಎದ್ದು ಬರುತ್ತದೆ. ಬೂಟ್ ಪಟ್ಟಿಯಲ್ಲಿ ಡಿಸ್ಕ್ ಕಾಣಿಸುವುದೇ ಇಲ್ಲವಾದರೆ ನಿಮ್ಮ ವಿಂಡೋಸ್ ಹಳೆಯ ಎಂಬಿಆರ್ ಶೈಲಿಯಲ್ಲಿ ಇನ್‌ಸ್ಟಾಲ್ ಆಗಿದ್ದು, ಹೊಸ ಬಯೋಸ್ ಆ ಹಳೆಯ ಶೈಲಿಗೆ ಬೆಂಬಲ ಕೊಡುವ ಸಿಎಸ್‌ಎಂ ಸೆಟ್ಟಿಂಗನ್ನು ಆಫ್ ಮಾಡಿರಬಹುದು. ಸಿಎಸ್‌ಎಂ ಆನ್ ಮಾಡಿ ಒಳಗೆ ಹೋಗಿ. ವಿಂಡೋಸ್‌ನಲ್ಲೇ ಇರುವ ಎಂಬಿಆರ್2ಜಿಪಿಟಿ ಎಂಬ ಸಾಧನದಿಂದ ಡಿಸ್ಕನ್ನು ಆಮೇಲೆ ಹೊಸ ಶೈಲಿಗೆ ಬದಲಾಯಿಸಿಕೊಳ್ಳಬಹುದು. ಎರಡರಲ್ಲಿ ಯಾವುದಕ್ಕೂ ಫಾರ್ಮ್ಯಾಟ್ ಬೇಕಿಲ್ಲ.

ಯಂತ್ರ ಬರೆದಿಟ್ಟ ಸುಳಿವು

ವಿಂಡೋಸ್ ಬರುತ್ತದೆ, ಆದರೆ ಸ್ಥಿರವಾಗಿ ಉಳಿಯುವುದಿಲ್ಲ ಎಂಬುದು ನಿಮ್ಮ ಸಮಸ್ಯೆಯಾದರೆ ಇವೆಂಟ್ ವ್ಯೂವರ್ ತೆರೆದು, ವಿಂಡೋಸ್ ಲಾಗ್ಸ್ ಒಳಗಿನ ಸಿಸ್ಟಮ್ ಲಾಗ್ ನೋಡಿ. ಎಲ್ಲರ ಕಣ್ಣಿಗೂ ಮೊದಲು ಬೀಳುವುದು ಕರ್ನಲ್-ಪವರ್ 41. ಅದು ಹೇಳುವುದು ಯಂತ್ರ ಸರಿಯಾಗಿ ಶಟ್‌ಡೌನ್ ಆಗಲಿಲ್ಲ ಎಂಬುದನ್ನಷ್ಟೇ. ಅದನ್ನು ನೋಡಿ ಪವರ್ ಸಪ್ಲೈ ಬದಲಿಸಲು ಹೊರಡಬೇಡಿ. ಹುಡುಕಬೇಕಾದದ್ದು ಹಾರ್ಡ್‌ವೇರ್ ತಪ್ಪುಗಳನ್ನು ದಾಖಲಿಸುವ ಡಬ್ಲ್ಯುಎಚ್‌ಇಎ-ಲಾಗರ್ ಎಂಬ ಹೆಸರಿನ ಸಾಲುಗಳನ್ನು. ಅದರಲ್ಲಿ ಇವೆಂಟ್ ಐಡಿ 18 ಎಂದಿದ್ದರೆ ಪ್ರೊಸೆಸರ್ ತನ್ನೊಳಗೇ ಸರಿಪಡಿಸಲಾಗದ ತಪ್ಪು ಕಂಡಿದೆ. 19 ಎಂದಿದ್ದರೆ ತಪ್ಪು ಕಂಡು ಸರಿಪಡಿಸಿಕೊಂಡಿದೆ, ಈಗ ಕ್ರ್ಯಾಶ್ ಆಗದಿದ್ದರೂ ವೋಲ್ಟೇಜ್ ಅಥವಾ ವೇಗ ಅಂಚಿನಲ್ಲಿದೆ ಎಂದು ತಿಳಿಯಿರಿ. 18ರ ವಿವರದಲ್ಲಿ ಎಪಿಐಸಿ ಐಡಿ ಎಂಬ ಸಂಖ್ಯೆ ಇರುತ್ತದೆ. ಪ್ರತಿ ಬಾರಿಯೂ ಅದೇ ಸಂಖ್ಯೆ ಬರುತ್ತಿದ್ದರೆ ಒಂದೇ ಕೋರ್ ಸೋಲುತ್ತಿದೆ ಎಂದು ಅನುಮಾನಿಸಬೇಕು. 17 ಬಂದರೆ ಅದು ಸಾಮಾನ್ಯವಾಗಿ ಗ್ರಾಫಿಕ್ಸ್ ಕಾರ್ಡ್, ಡಿಸ್ಕ್‌ಗಳನ್ನು ಪ್ರೊಸೆಸರ್‌ಗೆ ಸೇರಿಸುವ ಪಿಸಿಐ ಎಕ್ಸ್‌ಪ್ರೆಸ್ ದಾರಿಯ ತಪ್ಪು. ಹಳೆಯ ಪ್ರೊಸೆಸರ್ 3.0 ವೇಗಕ್ಕೆ ಸೀಮಿತವಾಗಿದ್ದು ಹೊಸದು 4.0ಕ್ಕೆ ಏರಿಸಿದಾಗ, ಗ್ರಾಫಿಕ್ಸ್ ಕಾರ್ಡನ್ನು ಬೋರ್ಡಿಗೆ ಸೇರಿಸುವ ಹಳೆಯ ರೈಸರ್ ಕೇಬಲ್ ಆ ವೇಗ ತಾಳದೆ ಹೀಗಾಗುವುದು ಬಹಳ ಸಾಮಾನ್ಯ. ಬಯೋಸ್‌ನಲ್ಲಿ ಆ ಸ್ಲಾಟನ್ನು ಜೆನ್ 3ಕ್ಕೆ, ಅಂದರೆ 3.0 ವೇಗಕ್ಕೆ, ಇಳಿಸಿ ನೋಡಿ.

ನೀಲಿ ಪರದೆಯ ಕೋಡ್‌ಗಳೂ ದಿಕ್ಕು ತೋರಿಸುತ್ತವೆ. 124 ಬಂದರೆ ಹಾರ್ಡ್‌ವೇರ್. 101, ಅಂದರೆ ಕ್ಲಾಕ್ ವಾಚ್‌ಡಾಗ್ ಟೈಮ್‌ಔಟ್ ಬಂದರೆ ಒಂದು ಕೋರ್ ಕೊಟ್ಟ ಸಮಯದಲ್ಲಿ ಉತ್ತರಿಸಲಿಲ್ಲ. ಮೆಮೊರಿ ಮ್ಯಾನೇಜ್‌ಮೆಂಟ್ ಎಂದು ಬಂದರೆ ರ್‍ಯಾಮ್ ಕಡೆ ನೋಡಿ. ಪ್ರತಿ ಸಲವೂ ಬೇರೆ ಬೇರೆ ಕೋಡ್, ಬೇರೆ ಬೇರೆ ಫೈಲ್ ಹೆಸರು ಬರುತ್ತಿದ್ದರೂ ಅನುಮಾನ ರ್‍ಯಾಮ್ ಮೇಲೇ ಇರಲಿ. ಡ್ರೈವರ್ ಕೆಟ್ಟಿದ್ದರೆ ಅದು ಹಟ ಹಿಡಿದು ಒಂದೇ ಕಡೆ ಬೀಳುತ್ತದೆ, ರ್‍ಯಾಮ್ ಕೆಟ್ಟಿದ್ದರೆ ಎಲ್ಲೆಂದರಲ್ಲಿ ಬೀಳುತ್ತದೆ.

ರ್‍ಯಾಮ್: ಹೆಚ್ಚಿನ ಉತ್ತರಗಳು ಇಲ್ಲಿವೆ

ಇದೇ ರ್‍ಯಾಮ್ ಮೂರು ವರ್ಷ ಇದೇ ವೇಗದಲ್ಲಿ ಓಡಿದೆ, ಅದರಲ್ಲೇನು ದೋಷ ಎಂದು ಅನೇಕರು ವಾದಿಸುತ್ತಾರೆ. ಆದರೆ ಮೆಮೊರಿ ಕಂಟ್ರೋಲರ್ ಇರುವುದು ಪ್ರೊಸೆಸರ್ ಒಳಗೆ. ಪ್ರೊಸೆಸರ್ ಬದಲಾದಾಗ ಕಂಟ್ರೋಲರ್ ಕೂಡ ಬದಲಾಯಿತು. ರ್‍ಯಾಮ್ ಡಬ್ಬಿಯ ಮೇಲೆ 3600 ಎಂದೋ 6000 ಎಂದೋ ಬರೆದ ಎಕ್ಸ್‌ಎಂಪಿ, ಎಕ್ಸ್‌ಪೋ ಎಂಬ ಸಿದ್ಧ ಸೆಟ್ಟಿಂಗ್‌ಗಳ ವೇಗಗಳು ಓವರ್‌ಕ್ಲಾಕ್‌ಗಳೇ, ಅಂದರೆ ಅಧಿಕೃತ ಮಿತಿ ಮೀರಿದವು. ರೈಜನ್ 5000 ಸಾಲಿನ ಅಧಿಕೃತ ಮಿತಿ ಡಿಡಿಆರ್4-3200. ರೈಜನ್ 7000ಕ್ಕೆ ಎರಡು ಸ್ಟಿಕ್ ಇದ್ದರೆ ಡಿಡಿಆರ್5-5200, ನಾಲ್ಕು ಸ್ಟಿಕ್ ಹಾಕಿದರೆ ಅಧಿಕೃತ ಮಿತಿ 3600ಕ್ಕೇ ಇಳಿಯುತ್ತದೆ. ನಾಲ್ಕು ಸ್ಟಿಕ್ ಹಾಕಿ 6000 ಓಡಬೇಕೆಂದು ಹಟ ಮಾಡುವುದು ವ್ಯರ್ಥ ಶ್ರಮ.

ಆದ್ದರಿಂದ ಬಯೋಸ್‌ನಲ್ಲಿ ಡೀಫಾಲ್ಟ್ ಲೋಡ್ ಮಾಡಿ, ಎಕ್ಸ್‌ಎಂಪಿ ಆಫ್ ಇಟ್ಟು, ಎರಡು ದಿನ ಮಾಮೂಲಿಯಾಗಿ ಬಳಸಿ. ಹಳೆಯ ಪ್ರೊಸೆಸರ್ ಇದ್ದಾಗ ಸೇವ್ ಮಾಡಿದ ಬಯೋಸ್ ಪ್ರೊಫೈಲ್‌ಗಳನ್ನು ಮುಟ್ಟಲೇಬೇಡಿ. ಅವುಗಳ ವೋಲ್ಟೇಜ್, ರೈಜನ್‌ನಲ್ಲಿ ಕೋರ್‌ಗಳ ವೋಲ್ಟೇಜ್ ತಿದ್ದುವ ಕರ್ವ್ ಆಪ್ಟಿಮೈಸರ್ ಸಂಖ್ಯೆಗಳು ಆ ಒಂದು ಚಿಪ್‌ಗೆ ಹೊಂದಿಸಿದವು. ತೊಂದರೆ ನಿಂತರೆ ಉತ್ತರ ಸಿಕ್ಕಿತು: ಸಮಸ್ಯೆ ಮೆಮೊರಿ ವೇಗದ್ದು.

ಆಮೇಲೆ ಮೆಮೊರಿ ಪರೀಕ್ಷಿಸುವ ಮೆಮ್‌ಟೆಸ್ಟ್86 ಅಥವಾ ಮೆಮ್‌ಟೆಸ್ಟ್86 ಪ್ಲಸ್ ಅನ್ನು ಪೆನ್‌ಡ್ರೈವಿಗೆ ಬರೆದು ಅದರಿಂದ ಬೂಟ್ ಮಾಡಿ. ನಾಲ್ಕು ಪಾಸ್, ಅಂದರೆ ನಾಲ್ಕು ಪೂರ್ತಿ ಸುತ್ತು, ಆಗಲಿ. 32 ಜಿಬಿ ಇದ್ದರೆ ಹಲವು ಗಂಟೆ ಬೇಕು, ರಾತ್ರಿ ಹಚ್ಚಿ ಮಲಗುವುದು ಒಳ್ಳೆಯದು. ಇಲ್ಲಿ ಸ್ವಲ್ಪ ತಪ್ಪು ಪರವಾಗಿಲ್ಲ ಎಂಬುದೇ ಇಲ್ಲ. ಒಂದೇ ಒಂದು ಎರರ್ ಬಂದರೂ ಆ ಸೆಟ್ಟಿಂಗ್ ತಿರಸ್ಕರಿಸಬೇಕು. ಎಕ್ಸ್‌ಎಂಪಿ ಆಫ್ ಇದ್ದಾಗಲೂ ಎರರ್ ಬಂದರೆ ಒಂದೊಂದೇ ಸ್ಟಿಕ್ ಹಾಕಿ ಪರೀಕ್ಷಿಸಿ. ಎರಡು ಸ್ಟಿಕ್ ಇದ್ದರೆ ಅವುಗಳ ಜಾಗ ಪ್ರೊಸೆಸರ್ ಕಡೆಯಿಂದ ಎಣಿಸಿದರೆ ಎರಡನೆಯ ಮತ್ತು ನಾಲ್ಕನೆಯ ಸ್ಲಾಟ್.

ಡೀಫಾಲ್ಟ್‌ನಲ್ಲಿ ಶುದ್ಧವಾಗಿದ್ದು ಎಕ್ಸ್‌ಎಂಪಿಯಲ್ಲಿ ಮಾತ್ರ ಎರರ್ ಬಂದರೆ ವೇಗವನ್ನು ಒಂದೆರಡು ಮೆಟ್ಟಿಲು ಇಳಿಸಿ: 3600ರಿಂದ 3466ಕ್ಕೆ, 6400ರಿಂದ 6000ಕ್ಕೆ. ಎಎಂ4ನಲ್ಲಿ ಎಫ್‌ಕ್ಲಾಕ್ (ಪ್ರೊಸೆಸರ್‌ನ ಒಳಜಾಲದ ವೇಗ) ಮೆಮೊರಿ ಕ್ಲಾಕಿಗೆ ಸಮನಾಗಿರಲಿ, ಅಂದರೆ ಡಬ್ಬಿಯ ಸಂಖ್ಯೆಯ ಅರ್ಧ, 3600ಕ್ಕೆ 1800. ಮೆಮೊರಿ ಕಂಟ್ರೋಲರ್ ಕಡೆಗೆ ಹೋಗುವ ಎಸ್‌ಒಸಿ ವೋಲ್ಟೇಜ್ 1.05ರಿಂದ 1.1 ವೋಲ್ಟ್ ಒಳಗಿದ್ದರೆ ಸಾಕು. ಎಎಂ5ನಲ್ಲಿ (ರೈಜನ್ 7000ದಿಂದ ಈಚಿನ ಸಾಕೆಟ್) ಎಸ್‌ಒಸಿ 1.3 ವೋಲ್ಟ್ ದಾಟಬಾರದು, 2023ರಲ್ಲಿ ಕೆಲವು ರೈಜನ್ 7000 ಎಕ್ಸ್3ಡಿ ಚಿಪ್‌ಗಳು ಸುಟ್ಟ ಮೇಲೆ ಎಎಂಡಿ ಬಯೋಸ್ ಮೂಲಕ ಆ ಮಿತಿ ಹಾಕಿತು. ಆ ಕಾಲಕ್ಕಿಂತ ಹಳೆಯ ಬಯೋಸ್ ಇದ್ದರೆ ಇವತ್ತೇ ಅಪ್‌ಡೇಟ್ ಮಾಡಿ. ಎಎಂ5ನಲ್ಲಿಯೇ ಮೆಮೊರಿ ಕಾಂಟೆಕ್ಸ್ಟ್ ರಿಸ್ಟೋರ್ ಎಂಬ ಸೆಟ್ಟಿಂಗ್ ಇದೆ. ಅದು ಹಳೆಯ ಟ್ರೈನಿಂಗ್ ಫಲಿತಾಂಶವನ್ನೇ ಮತ್ತೆ ಬಳಸಿ ಬೇಗ ಬೂಟ್ ಮಾಡಿಸುತ್ತದೆ. ಒಂದು ದಿನ ಸರಿ, ಇನ್ನೊಂದು ದಿನ ಕ್ರ್ಯಾಶ್ ಎಂಬ ಯಂತ್ರದಲ್ಲಿ ಇದನ್ನು ಆಫ್ ಮಾಡಿ ನೋಡುವುದು ಯೋಗ್ಯ. ಬೂಟ್ ನಿಧಾನವಾಗುತ್ತದೆ, ಅಷ್ಟೇ.

ರ್‍ಯಾಮ್ ಅರ್ಧ ಮಾತ್ರ ಕಾಣುತ್ತಿದ್ದರೆ, ಅಥವಾ ಒಂದು ಬದಿಯ ಸ್ಲಾಟ್‌ಗಳೇ ಸತ್ತಂತಿದ್ದರೆ, ಅದು ಸೆಟ್ಟಿಂಗ್ ವಿಷಯವೇ ಅಲ್ಲ. ಸಾಕೆಟ್ ಬಿಚ್ಚಿ ನೋಡಬೇಕು. ಎಎಂ4ನಲ್ಲಿ 1331 ಪಿನ್‌ಗಳು ಪ್ರೊಸೆಸರ್ ಅಡಿಯಲ್ಲಿರುತ್ತವೆ. ಪ್ರೊಸೆಸರ್ ಮತ್ತು ಕೂಲರ್ ನಡುವಿನ ಹಳೆಯ ಥರ್ಮಲ್ ಪೇಸ್ಟ್ ಅಂಟಿಕೊಂಡು ಕೂಲರ್ ಜೊತೆ ಪ್ರೊಸೆಸರ್ ಕಿತ್ತು ಬರುವಾಗ ಅವು ಬಾಗುತ್ತವೆ. ಅದಕ್ಕೇ ಕೂಲರ್ ತೆಗೆಯುವ ಮುನ್ನ ಯಂತ್ರವನ್ನು ಹತ್ತು ನಿಮಿಷ ಓಡಿಸಿ ಪೇಸ್ಟ್ ಬಿಸಿಮಾಡಿ, ಆಫ್ ಮಾಡಿ, ಕೂಲರನ್ನು ಎಡಬಲ ತಿರುಗಿಸಿ ಬಿಡಿಸಿಕೊಂಡು ಆಮೇಲೆ ಎತ್ತಬೇಕು. ಇಂಟೆಲ್ ಎಲ್‌ಜಿಎ1700 ಮತ್ತು ಎಎಂ5ನಲ್ಲಿ ಪಿನ್‌ಗಳು ಸಾಕೆಟ್‌ನಲ್ಲಿವೆ. ಟಾರ್ಚ್ ಬೆಳಕನ್ನು ಓರೆಯಾಗಿ ಹಾಯಿಸಿದರೆ ಬಾಗಿದ ಪಿನ್ ಬೇರೆ ರೀತಿ ಮಿನುಗಿ ಗೊತ್ತಾಗುತ್ತದೆ. ಪಿನ್‌ಗಳೆಲ್ಲ ಸರಿ ಇದ್ದರೂ ಕೂಲರ್ ಸ್ಕ್ರೂ ಒಂದು ಬದಿ ಹೆಚ್ಚು ಬಿಗಿಯಾಗಿ ಒತ್ತಡ ವಾಲಿದರೆ ಒಂದು ಮೆಮೊರಿ ಚಾನೆಲ್ ಮಾಯವಾಗುವುದುಂಟು. ನಾಲ್ಕೂ ಸ್ಕ್ರೂ ಸಡಿಲಿಸಿ, ಎದುರು ಬದುರು ಕ್ರಮದಲ್ಲಿ ಎರಡೆರಡು ಸುತ್ತು ಮಾತ್ರ ಬಿಗಿಯುತ್ತಾ ಬನ್ನಿ.

ಬಿಸಿ ಮತ್ತು ವಿದ್ಯುತ್

ಹಳೆಯ ಕೂಲರನ್ನೇ ಉಳಿಸಿಕೊಂಡಿದ್ದರೆ ಇಲ್ಲಿ ಲೆಕ್ಕ ಹಾಕಿ. ಎಎಂ4ನಲ್ಲಿ ಡಬ್ಬಿಯ ಮೇಲೆ 65 ವ್ಯಾಟ್ ಎಂದಿರುವ ಪ್ರೊಸೆಸರ್ 88 ವ್ಯಾಟ್‌ವರೆಗೆ, 105 ಎಂದಿರುವುದು 142 ವ್ಯಾಟ್‌ವರೆಗೆ ಸೆಳೆಯುತ್ತದೆ. ಇಂಟೆಲ್ ಕೋರ್ ಐ9-13900ಕೆ ಮಿತಿ 253 ವ್ಯಾಟ್. ಡಬ್ಬಿಯ ಸಂಖ್ಯೆ ನೋಡಿ ಕೂಲರ್ ಆರಿಸಿದವರು ಸೋಲುವುದು ಇದರಿಂದಲೇ. ಎಚ್‌ಡಬ್ಲ್ಯುಇನ್ಫೋ ಎಂಬ ಪ್ರೋಗ್ರಾಂ ತೆರೆದು ಲೋಡಿನಲ್ಲಿ ಬಿಸಿ ಗಮನಿಸಿ. ರೈಜನ್ 5800ಎಕ್ಸ್‌ಗೆ 90 ಡಿಗ್ರಿ, ರೈಜನ್ 7000 ಸಾಲಿನ ಹೆಚ್ಚಿನವಕ್ಕೆ 95, ಇಂಟೆಲ್ 12ರಿಂದ 14ನೇ ಪೀಳಿಗೆಯ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳಿಗೆ 100 ಡಿಗ್ರಿ ಸೆಲ್ಸಿಯಸ್ ಮಿತಿ. ಬರೀ ಬಿಸಿಯಾದರೆ ಪ್ರೊಸೆಸರ್ ವೇಗ ಇಳಿಸಿಕೊಳ್ಳುತ್ತದೆ, ಕ್ರ್ಯಾಶ್ ಆಗುವುದು ಅಪರೂಪ. ಆದರೆ ಬೂಟ್ ಆದ ಕ್ಷಣವೇ 90 ದಾಟಿ ಆಫ್ ಆದರೆ ಕೂಲರ್ ತಳದ ಪ್ಲಾಸ್ಟಿಕ್ ಹಾಳೆ ತೆಗೆಯಲು ಮರೆತಿದ್ದೀರಾ ನೋಡಿ. ಪೇಸ್ಟನ್ನು 90 ಪ್ರತಿಶತಕ್ಕಿಂತ ಹೆಚ್ಚಿನ ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಒರೆಸಿ, ಬಟಾಣಿ ಕಾಳಿನಷ್ಟು ಹೊಸದಾಗಿ ಹಾಕಿ.

ಇಂಟೆಲ್ 13 ಮತ್ತು 14ನೇ ಪೀಳಿಗೆಯ ಡೆಸ್ಕ್‌ಟಾಪ್ ಪ್ರೊಸೆಸರ್ ತಂದವರು ಇದನ್ನು ನಿಧಾನವಾಗಿ ಓದಿ. ಹೆಚ್ಚಿನ ವೋಲ್ಟೇಜಿನಿಂದ ಈ ಚಿಪ್‌ಗಳು ಕಾಲಕ್ರಮೇಣ ಸವೆಯುವ ದೋಷವನ್ನು ಇಂಟೆಲ್ 2024ರಲ್ಲಿ ಒಪ್ಪಿಕೊಂಡು, ಆ ವರ್ಷದ ಆಗಸ್ಟ್‌ನಲ್ಲಿ 129 ಎಂಬ ಮೈಕ್ರೋಕೋಡನ್ನೂ (ಪ್ರೊಸೆಸರ್ ಒಳಗಿನ ನಿಯಂತ್ರಣ ಸಾಫ್ಟ್‌ವೇರ್) ಸೆಪ್ಟೆಂಬರ್‌ನಲ್ಲಿ 12ಬಿ ಎಂಬುದನ್ನೂ ಬಿಡುಗಡೆ ಮಾಡಿತು. ಅವು ಬಯೋಸ್ ಅಪ್‌ಡೇಟ್ ಮೂಲಕ ಬರುತ್ತವೆ. 12ಬಿ ಅಥವಾ ಅದಕ್ಕಿಂತ ಹೊಸದಿರುವ ಬಯೋಸ್ ಹಾಕಿ, ಇಂಟೆಲ್ ಡೀಫಾಲ್ಟ್ ಸೆಟ್ಟಿಂಗ್ಸ್ ಆರಿಸಿ. ಗೇಮ್ ಶುರುವಾಗುವಾಗ ವಿಡಿಯೊ ಮೆಮೊರಿ ಸಾಲದು ಎಂಬ ಸಂದೇಶ ಬರುವುದು, ಗ್ರಾಫಿಕ್ಸ್ ಡ್ರೈವರ್ ಇನ್‌ಸ್ಟಾಲರ್ ಅರ್ಧಕ್ಕೇ ಮುರಿಯುವುದು ಇದರ ಪರಿಚಿತ ಲಕ್ಷಣಗಳು. ಈಗಾಗಲೇ ಸವೆದ ಚಿಪ್ಪನ್ನು ಮೈಕ್ರೋಕೋಡ್ ಗುಣಪಡಿಸುವುದಿಲ್ಲ. ಸೆಕೆಂಡ್‌ಹ್ಯಾಂಡ್ ಕೊಂಡಿದ್ದರೆ ಇದು ಇನ್ನೂ ಮುಖ್ಯ. ಇಂಟೆಲ್ ಇವುಗಳ ವಾರಂಟಿಯನ್ನು ಎರಡು ವರ್ಷ ವಿಸ್ತರಿಸಿದೆ, ಕೇಳಲು ಹಿಂಜರಿಯಬೇಡಿ.

ಭಾರವಾದ ಕೆಲಸದಲ್ಲಿ ಗಟ್ಟಿಯಾಗಿದ್ದು ಸುಮ್ಮನೆ ಇಟ್ಟಾಗ ರೀಸ್ಟಾರ್ಟ್ ಆಗುವ ರೈಜನ್ ಯಂತ್ರಗಳೂ ಇವೆ. ಬಯೋಸ್‌ನ ಪವರ್ ಸಪ್ಲೈ ಐಡಲ್ ಕಂಟ್ರೋಲ್ ಅನ್ನು ಟಿಪಿಕಲ್ ಕರೆಂಟ್ ಐಡಲ್‌ಗೆ ಬದಲಿಸಿ ನೋಡಿ. ಕರ್ವ್ ಆಪ್ಟಿಮೈಸರ್‌ನಲ್ಲಿ ನೆಗೆಟಿವ್ ಸಂಖ್ಯೆ ಹಾಕಿದ್ದರೆ ಅದನ್ನು ಸೊನ್ನೆ ಮಾಡಿ, ಅದರ ದೋಷ ಹೆಚ್ಚಾಗಿ ಹಗುರ ಕೆಲಸದಲ್ಲೇ ಹೊರಬೀಳುತ್ತದೆ.

ಗಟ್ಟಿಯಾಗಿದೆ ಎಂದು ಹೇಗೆ ನಂಬುವುದು

ಒತ್ತಡದ ಪರೀಕ್ಷೆ ನಡೆಸುವ ಪ್ರೈಮ್95 ಪ್ರೋಗ್ರಾಂನ ಸ್ಮಾಲ್ ಎಫ್‌ಎಫ್‌ಟಿ ಪ್ರೊಸೆಸರ್ ಮತ್ತು ಕ್ಯಾಶ್ ಅನ್ನು ದಂಡಿಸುತ್ತದೆ, ಲಾರ್ಜ್ ಎಫ್‌ಎಫ್‌ಟಿ ರ್‍ಯಾಮ್ ಮತ್ತು ಅದರ ಕಂಟ್ರೋಲರನ್ನು. ಎರಡನ್ನೂ ಒಂದೊಂದು ಗಂಟೆ ಓಡಿಸಿ. ಒಂದು ವರ್ಕರ್ (ಅದು ಓಡಿಸುವ ಲೆಕ್ಕದ ಎಳೆ) ನಿಂತರೂ ಅದು ಸೋಲು. ನಂತರ ಕೋರ್‌ಸೈಕ್ಲರ್ ಹಚ್ಚಿ, ಅದು ಒಂದು ಬಾರಿಗೆ ಒಂದೇ ಕೋರನ್ನು ಪೂರ್ಣ ವೇಗಕ್ಕೆ ಏರಿಸುತ್ತದೆ. ಎಲ್ಲ ಕೋರ್‌ಗಳೂ ಒಟ್ಟಿಗೆ ದುಡಿಯುವ ಸಿನೆಬೆಂಚ್ ಪರೀಕ್ಷೆ ಪಾಸಾದರೂ ಇದರಲ್ಲಿ ಫೇಲಾಗುವ ಯಂತ್ರಗಳಿವೆ, ಯಾಕೆಂದರೆ ಅತಿ ಹೆಚ್ಚಿನ ಬೂಸ್ಟ್ ಸಿಗುವುದು ಒಂಟಿ ಕೋರ್ ಓಡುವಾಗ. ಇಷ್ಟೂ ಆದ ಮೇಲೆ ಡಬ್ಲ್ಯುಎಚ್‌ಇಎ ಸಾಲುಗಳು ಹೊಸದಾಗಿ ಬಂದಿಲ್ಲವೆಂದರೆ ವಿಂಡೋಸ್ ಕಡೆ ತಿರುಗಬಹುದು.

ರೀಇನ್‌ಸ್ಟಾಲ್‌ಗೆ ಮುನ್ನ ರಿಪೇರಿ

ಚಿಪ್‌ಸೆಟ್ ಡ್ರೈವರನ್ನು ತಯಾರಕರ ತಾಣದಿಂದ ಹೊಸದಾಗಿ ಹಾಕಿ. ಬಳಿಕ ಅಡ್ಮಿನಿಸ್ಟ್ರೇಟರ್ ಆಗಿ ಕಮಾಂಡ್ ಪ್ರಾಂಪ್ಟ್ ತೆರೆದು ಮೊದಲು ಡಿಐಎಸ್‌ಎಂ ರಿಸ್ಟೋರ್‌ಹೆಲ್ತ್ (DISM /Online /Cleanup-Image /RestoreHealth), ಅದು ಮುಗಿದ ಮೇಲೆ ಎಸ್‌ಎಫ್‌ಸಿ ಸ್ಕ್ಯಾನ್‌ನೌ (sfc /scannow) ಓಡಿಸಿ. ಕ್ರಮ ಮುಖ್ಯ: ಎಸ್‌ಎಫ್‌ಸಿ ಕೆಟ್ಟ ಫೈಲಿಗೆ ಬದಲಿಯನ್ನು ತೆಗೆದುಕೊಳ್ಳುವ ಕಣಜವನ್ನು ಡಿಐಎಸ್‌ಎಂ ಸರಿಮಾಡುತ್ತದೆ. ಇದೂ ಸಾಲದಿದ್ದರೆ ವಿಂಡೋಸ್ ಐಎಸ್‌ಒ (ಇನ್‌ಸ್ಟಾಲ್ ಮಾಡುವ ಫೈಲ್) ಇಳಿಸಿ, ವಿಂಡೋಸ್ ಒಳಗಿಂದಲೇ ಸೆಟಪ್ ಓಡಿಸಿ, ಫೈಲ್ ಮತ್ತು ಆ್ಯಪ್ ಉಳಿಸಿಕೊಳ್ಳುವ ಆಯ್ಕೆ ಒತ್ತಿ. ಓಎಸ್ ಫೈಲ್‌ಗಳೆಲ್ಲ ಹೊಸದಾಗುತ್ತವೆ, ನಿಮ್ಮ ಪ್ರೋಗ್ರಾಂಗಳು ಇದ್ದಲ್ಲೇ ಇರುತ್ತವೆ. ಹತ್ತರಲ್ಲಿ ಎಂಟು ಮಂದಿಗೆ ಇಷ್ಟೇ ಸಾಕು ಎಂಬುದು ನಮ್ಮ ಅಂದಾಜು.

ಪೂರ್ತಿ ಹೊಸದಾಗಿ ಹಾಕಬೇಕಾದದ್ದು ಯಾವಾಗ? ಅಸ್ಥಿರ ರ್‍ಯಾಮ್ ಮೇಲೆ ವಾರಗಟ್ಟಲೆ ಓಡಿಸಿ ರಿಪೇರಿಯೂ ಸೋತಾಗ. ಮದರ್‌ಬೋರ್ಡ್ ಕೂಡ ಬದಲಾಗಿ ಇಂಟೆಲ್‌ನಿಂದ ಎಎಂಡಿಗೋ ಅಲ್ಲಿಂದ ಇಲ್ಲಿಗೋ ಬಂದಾಗ. ರೈಜನ್ 9 7950ಎಕ್ಸ್3ಡಿಯಂಥ ಎರಡು ಚಿಪ್ಲೆಟ್ (ಕೋರ್‌ಗಳ ಗುಂಪಿರುವ ಚಿಪ್ ತುಂಡು) ಪ್ರೊಸೆಸರ್‌ನಿಂದ 7800ಎಕ್ಸ್3ಡಿಗೆ ಬಂದಾಗಲೂ ಇದನ್ನು ಪರಿಗಣಿಸಿ. ಮೊದಲಿನದಕ್ಕೆ ಹಾಕಿದ್ದ ಡ್ರೈವರ್ ಉಳಿದುಕೊಂಡು, ಗೇಮ್ ಓಡುವಾಗ ಇರುವ ಎಂಟೇ ಕೋರ್‌ಗಳಲ್ಲಿ ಕೆಲವನ್ನು ಪಾರ್ಕ್ ಮಾಡಿಬಿಡಬಹುದು, ಅಂದರೆ ಕೆಲಸ ಕೊಡದೆ ಕೂರಿಸಬಹುದು. ರಿಸೋರ್ಸ್ ಮಾನಿಟರ್‌ನ ಸಿಪಿಯು ಪುಟದಲ್ಲಿ ಪಾರ್ಕ್ಡ್ ಎಂದು ಕಂಡರೆ ಅದೇ.

ಹೊಸ ಇನ್‌ಸ್ಟಾಲ್

ಮೈಕ್ರೋಸಾಫ್ಟ್‌ನ ಮೀಡಿಯಾ ಕ್ರಿಯೇಷನ್ ಟೂಲ್‌ನಿಂದ 8 ಜಿಬಿ ಅಥವಾ ದೊಡ್ಡ ಪೆನ್‌ಡ್ರೈವ್ ತಯಾರಿಸಿ, ಸಾಧ್ಯವಾದರೆ ಬೇರೆ, ಗಟ್ಟಿಯಾಗಿರುವ ಕಂಪ್ಯೂಟರಿನಲ್ಲಿ. ಅಸ್ಥಿರವಾಗಿದ್ದ ಕಾಲದಲ್ಲಿ ಇದೇ ಯಂತ್ರದಲ್ಲಿ ಮಾಡಿಟ್ಟ ಪೆನ್‌ಡ್ರೈವ್ ನಂಬಬೇಡಿ. ಅದರಲ್ಲೇ ಒಂದು ಫೋಲ್ಡರ್ ಮಾಡಿ ಬೋರ್ಡಿನ ಲ್ಯಾನ್ ಮತ್ತು ವೈಫೈ ಡ್ರೈವರ್ ಇಡಿ. ವಿಂಡೋಸ್ 11ರ ಸೆಟಪ್ ನೆಟ್ ಕೇಳಿದಾಗ ಡ್ರೈವರ್ ಇಲ್ಲದೆ ಸಿಕ್ಕಿಕೊಳ್ಳುವವರು ಬಹಳ. ಹಳೆಯ ವಿಂಡೋಸ್ ಇನ್ನೂ ತೆರೆಯುತ್ತಿದ್ದರೆ ಅದು ಮೈಕ್ರೋಸಾಫ್ಟ್ ಖಾತೆಗೆ ಜೋಡಣೆಯಾಗಿದೆಯೇ ಎಂದು ಆ್ಯಕ್ಟಿವೇಷನ್ ಪುಟದಲ್ಲಿ ಖಚಿತಪಡಿಸಿಕೊಳ್ಳಿ. ಡಿಜಿಟಲ್ ಲೈಸೆನ್ಸ್ ಮುಖ್ಯವಾಗಿ ಮದರ್‌ಬೋರ್ಡ್ ನೆಚ್ಚಿಕೊಂಡಿರುತ್ತದೆ, ಪ್ರೊಸೆಸರ್ ಮಾತ್ರ ಬದಲಾದರೆ ಸಾಮಾನ್ಯವಾಗಿ ತಾನೇ ಆ್ಯಕ್ಟಿವೇಟ್ ಆಗುತ್ತದೆ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ಹೊಸದಾಗಿ ಹಾಕುವುದಾದರೆ 11 ಹಾಕಿ. ಅದಕ್ಕೆ ಟಿಪಿಎಂ 2.0 ಬೇಕು, ಬಯೋಸ್ ರೀಸೆಟ್‌ನಲ್ಲಿ ಅದು ಆಫ್ ಆಗಿದ್ದರೆ ಮತ್ತೆ ಆನ್ ಮಾಡಿ.

ಯಂತ್ರ ಆಫ್ ಮಾಡಿ, ವಿಂಡೋಸ್ ಹೋಗಬೇಕಾದ ಡಿಸ್ಕ್ ಬಿಟ್ಟು ಉಳಿದ ಎಲ್ಲ ಡಿಸ್ಕ್‌ಗಳ ಕೇಬಲ್ ಕಳಚಿ. ಇಲ್ಲವಾದರೆ ವಿಂಡೋಸ್ ಬೂಟ್ ಫೈಲ್‌ಗಳನ್ನು ಬೇರೆ ಡಿಸ್ಕಿನಲ್ಲಿ ಬರೆಯುವ ಸಾಧ್ಯತೆ ಇದೆ. ಮುಂದೊಂದು ದಿನ ಆ ಡಿಸ್ಕ್ ತೆಗೆದಾಗ ಕಂಪ್ಯೂಟರ್ ಬೂಟ್ ಆಗುವುದಿಲ್ಲ. ಇನ್‌ಸ್ಟಾಲ್ ಪೂರ್ತಿ ಎಕ್ಸ್‌ಎಂಪಿ ಆಫ್ ಇರಲಿ.

ಬೂಟ್ ಮೆನುವಿನಲ್ಲಿ ಪೆನ್‌ಡ್ರೈವ್ ಎರಡು ಸಲ ಕಂಡರೆ ಹೆಸರಿನ ಮೊದಲಿಗೆ ಯುಇಎಫ್‌ಐ ಎಂದಿರುವುದನ್ನೇ ಆರಿಸಿ. ಡಿಸ್ಕ್ ಪಟ್ಟಿಯಲ್ಲಿ ಒಂದೂ ಕಾಣದಿದ್ದರೆ, ಇಂಟೆಲ್ 11ನೇ ಪೀಳಿಗೆಯಿಂದ ಈಚಿನ ಯಂತ್ರಗಳಲ್ಲಿ ಅದು ಹೆಚ್ಚಾಗಿ ವಿಎಂಡಿ ಕಾರಣಕ್ಕೆ. ಬಯೋಸ್‌ನಲ್ಲಿ ವಿಎಂಡಿ ಆಫ್ ಮಾಡಿ, ಇಲ್ಲವೇ ಇಂಟೆಲ್ ರ್‍ಯಾಪಿಡ್ ಸ್ಟೋರೇಜ್ ಡ್ರೈವರನ್ನು ಬಿಚ್ಚಿದ ಫೋಲ್ಡರ್ ಆಗಿ ಪೆನ್‌ಡ್ರೈವಿನಲ್ಲಿಟ್ಟು ಲೋಡ್ ಡ್ರೈವರ್ ಒತ್ತಿ. ಡಿಸ್ಕ್ ಕಂಡ ಮೇಲೆ ಅದರ ಎಲ್ಲ ಪಾರ್ಟಿಷನ್ ಅಳಿಸಿ, ಖಾಲಿ ಜಾಗ ಒಂದೇ ಸಾಲಾಗಿ ಉಳಿದಾಗ ಅದನ್ನು ಆರಿಸಿ ನೆಕ್ಸ್ಟ್ ಒತ್ತಿ. ಬೇಕಾದ ಪಾರ್ಟಿಷನ್‌ಗಳನ್ನು ವಿಂಡೋಸ್ ತಾನೇ ಮಾಡಿಕೊಳ್ಳುತ್ತದೆ. ಫೈಲ್ ಕಾಪಿ ನಡುವೆ ಎರರ್ ಬಂದರೆ ಮತ್ತೆ ಪ್ರಯತ್ನಿಸುತ್ತಾ ಕೂರಬೇಡಿ. ಬೇರೆ ಪೆನ್‌ಡ್ರೈವ್ ಒಮ್ಮೆ ನೋಡಿ, ಆಗಲೂ ಬಂದರೆ ಮೆಮ್‌ಟೆಸ್ಟ್‌ಗೆ ಹಿಂತಿರುಗಿ.

ಡೆಸ್ಕ್‌ಟಾಪ್ ಬಂದ ಮೇಲೆ ಚಿಪ್‌ಸೆಟ್ ಡ್ರೈವರ್ ಮೊದಲು, ಒಂದು ರೀಸ್ಟಾರ್ಟ್, ನಂತರ ಗ್ರಾಫಿಕ್ಸ್, ಆಮೇಲೆ ವಿಂಡೋಸ್ ಅಪ್‌ಡೇಟ್ ಇನ್ನೇನೂ ಉಳಿದಿಲ್ಲ ಎನ್ನುವವರೆಗೆ. ಮದರ್‌ಬೋರ್ಡ್ ಜೊತೆ ಬರುವ ಓವರ್‌ಕ್ಲಾಕ್, ಬಣ್ಣದ ದೀಪಗಳ ಸಾಫ್ಟ್‌ವೇರ್ ಈಗ ಹಾಕಬೇಡಿ. ವರ್ಚುವಲ್ ಮಷೀನ್ ಬಳಸುವವರು ಬಯೋಸ್‌ನಲ್ಲಿ ಎಸ್‌ವಿಎಂ (ಎಎಂಡಿ) ಅಥವಾ ವಿಟಿ-ಎಕ್ಸ್ (ಇಂಟೆಲ್) ಮತ್ತೆ ಆನ್ ಮಾಡಬೇಕಾಗಬಹುದು. ಎರಡು ಮೂರು ದಿನ ಹೀಗೇ ಬಳಸಿ ಏನೂ ತೊಂದರೆ ಕಾಣದಿದ್ದರೆ ಎಕ್ಸ್‌ಎಂಪಿ ಆನ್ ಮಾಡಿ, ಅದೇ ರಾತ್ರಿ ಮೆಮ್‌ಟೆಸ್ಟ್ ನಾಲ್ಕು ಪಾಸ್ ಓಡಿಸಿ. ಅದು ಶುದ್ಧವಾಗಿ ಮುಗಿದ ಮೇಲೆ ಕಳಚಿದ್ದ ಡಿಸ್ಕ್‌ಗಳನ್ನು ಜೋಡಿಸಿ ಬ್ಯಾಕಪ್‌ನಿಂದ ಫೈಲ್‌ಗಳನ್ನು ತಂದುಕೊಳ್ಳಿ, ಎನ್‌ಕ್ರಿಪ್ಶನ್ ಆನ್ ಮಾಡಿ ಹೊಸ ರಿಕವರಿ ಕೀ ಬರೆದಿಟ್ಟುಕೊಳ್ಳಿ.